ಐವತ್ತು ಕಿಲೋಮೀಟರ್ ದೂರದ ಬೆಟ್ಟದೂರು

ನೀವೂ ನನ್ನ ಹಾಗೆ ಐಟಿಯವರಾಗಿದ್ದರೆ ಈ ಪ್ರಶ್ನೆಯ ಪರಿಚಯ ಇದ್ದೇ ಇರುತ್ತೆ. ಸೋಮವಾರ ಬೆಳಗ್ಗೆ ಸ್ಟ್ಯಾಂಡಪ್ ಕಾಲ್‌ಗೆ ಇನ್ನೂ ಇಬ್ಬರು ಸೇರಿಕೊಳ್ಳೋದು ಬಾಕಿ ಇರುತ್ತೆ. ಆ ಎರಡು ನಿಮಿಷ ತುಂಬಿಸೋಕೆ ಯಾರಾದರೂ ಕೇಳ್ತಾರೆ, ‘ವೀಕೆಂಡ್ ಎಲ್ಲಿಗೆ ಹೋಗಿದ್ರಿ?’ ಕೊಡಗು, ಸಕಲೇಶಪುರ, ವಯನಾಡು ಅಂತೆಲ್ಲ ಉತ್ತರಗಳು ಬರ್ತವೆ. ನನ್ನದು ಹೆಚ್ಚಾಗಿ ‘ಮನೆಗೆ’ ಅಂತ. ಶುಕ್ರವಾರ ಸಂಜೆ ಬೆಂಗಳೂರಲ್ಲಿ ರೈಲು ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಅಶೋಕಪುರಂ. ಮೈಸೂರು ಜಂಕ್ಷನ್‌ನಲ್ಲಿ ಮುಕ್ಕಾಲು ರೈಲು ಖಾಲಿಯಾದ ಮೇಲೂ ಕೂತಿರುವ ನಾಲ್ಕೈದು ಜನರಲ್ಲಿ ನಾನೂ ಒಬ್ಬಳು.

2023ರಲ್ಲಿ ಒಂದು ಸೋಮವಾರ ಮಾತ್ರ ನನ್ನ ಉತ್ತರಕ್ಕೆ ಎಲ್ಲರೂ ಕ್ಯಾಮೆರಾ ಆನ್ ಮಾಡಿದ್ರು. ಆಗ ಎರಡು ತಿಂಗಳು ಆನ್‌ಸೈಟ್ ಅಂತ ರೋಮ್‌ನಲ್ಲಿದ್ದೆ. ‘ಶನಿವಾರ ರೂಮಲ್ಲಿ ಕೂರಬೇಡ, ಓರ್ವಿಯೆಟೊಗೆ ಹೋಗು’ ಅಂತ ಅಲ್ಲಿನ ಸಹೋದ್ಯೋಗಿ ಹೇಳಿದ್ದ. ರೋಮ್‌ನಿಂದ ರೈಲಲ್ಲಿ ಒಂದು ಗಂಟೆ ಚಿಲ್ಲರೆ. ಸ್ಟೇಷನ್ ಕೆಳಗೆ, ಊರು ಮೇಲೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಿನ ಗುಡ್ಡ, ಸುತ್ತಲೂ ಕತ್ತರಿಸಿದ ಹಾಗೆ ಕಡಿದು, ಅದರ ನೆತ್ತಿಯ ಮೇಲೆ ಒಂದಿಡೀ ಊರು. ರೋಮನ್ನರಿಗೂ ಮುಂಚಿನ ಎಟ್ರಸ್ಕನ್ ಜನ ಕಟ್ಟಿದ ಜಾಗ ಅದು. ಹಗ್ಗ ಎಳೆಯುವ ಪುಟ್ಟ ರೈಲು ಮೇಲಕ್ಕೆ ಕರೆದುಕೊಂಡು ಹೋಗುತ್ತೆ. 1290ರಲ್ಲಿ ಶುರುವಾದ ದೊಡ್ಡ ಚರ್ಚು ಇದೆ. ಅದರ ಗೋಡೆಗೆ ಕಪ್ಪು, ಬಿಳಿ ಕಲ್ಲಿನ ಪಟ್ಟೆಗಳು.

ನನ್ನ ತಲೆಯಲ್ಲಿ ಉಳಿದಿದ್ದು ಚರ್ಚಲ್ಲ, ಒಂದು ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಆಗಿನ ಪೋಪ್ ಏಳನೇ ಕ್ಲೆಮೆಂಟ್ ತಪ್ಪಿಸಿಕೊಂಡು ಈ ಗುಡ್ಡಕ್ಕೆ ಬಂದ. ಯಾರಾದರೂ ಮುತ್ತಿಗೆ ಹಾಕಿದರೆ ಊರಿಗೆ ನೀರು ಬೇಕಲ್ಲ, ಅದಕ್ಕೆ ಬಾವಿ ತೋಡಿಸೋಕೆ ಹೇಳಿದ. ಐವತ್ತು ಮೀಟರಿಗೂ ಹೆಚ್ಚು ಆಳ. ಇಳಿಯೋಕೆ ಒಂದು ಸುರುಳಿ ದಾರಿ, ಹತ್ತೋಕೆ ಇನ್ನೊಂದು. ಒಂದೊಂದಕ್ಕೂ 248 ಮೆಟ್ಟಿಲು. ಎರಡೂ ಒಂದನ್ನೊಂದು ಸುತ್ತಿಕೊಂಡಿದ್ದರೂ ಎಲ್ಲೂ ಸೇರಲ್ಲ. ಖಾಲಿ ಕೊಡ ಹೊತ್ತು ಇಳಿಯುವ ಹೇಸರಗತ್ತೆಗೂ ತುಂಬಿದ ಕೊಡ ಹೊತ್ತು ಹತ್ತುವ ಹೇಸರಗತ್ತೆಗೂ ಮುಖಾಮುಖಿ ಆಗಬಾರದು ಅಂತ. ಡೆಡ್‌ಲಾಕ್ ಆಗದ ಹಾಗೆ ಡಿಸೈನ್ ಮಾಡೋದು ಅಂದ್ರೆ ಇದು ಅಂತ ಖುಷಿಯಾಗಿ, ಕೆಳಗಿನಿಂದಲೇ ವಿಡಿಯೋ ತೆಗೆದು ಮೇಲೆ ಬಂದ ಮೇಲೆ ಮನೆ ಗ್ರೂಪಿಗೆ ಹಾಕಿದೆ.

ಅಪ್ಪ ವಿಡಿಯೋ ಕಾಲ್ ಮಾಡಿದರು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ‘ಆ ಬಾವೀಲಿ ಯಾರ್ ಬೇಕಾದ್ರೂ ನೀರ್ ತಗೋಬೋದಿತ್ತಾ ಮಗಾ?’

ಪಕ್ಕದಲ್ಲಿದ್ದ ಅವ್ವ ಫೋನ್ ಕಿತ್ತುಕೊಂಡಳು. ‘ಅಷ್ಟು ದೂರ ಹೋಗಿ ಬೆಟ್ಟದ ಮೇಲಿನ ಊರು ನೋಡ್ದೆ. ಇಲ್ಲೇ ಮೇಲುಕೋಟೆಗೆ ಕರ್ಕೊಂಡೋಗು ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ!’

ಮೈಸೂರಿನವರಿಗೆ ಅಶೋಕಪುರಂ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗಾಗಿ ಹೇಳ್ತೀನಿ. ಇದು ಮೊದಲು ಆದಿಕರ್ನಾಟಕಪುರ. ಹೆಸರೇ ಹೇಳೋ ಹಾಗೆ ನಮ್ಮ ಜನರ ಊರು. ಪಕ್ಕದಲ್ಲೇ 1924ರಲ್ಲಿ ಶುರುವಾದ ರೈಲ್ವೆ ವರ್ಕ್‌ಶಾಪ್. ನಮ್ಮ ತಾತ ಅಲ್ಲಿ ಕೆಲಸ ಮಾಡಿದ್ದರು, ಅಪ್ಪನೂ ಅಲ್ಲೇ ರಿಟೈರ್ ಆದರು. ಏಪ್ರಿಲ್ 14 ನಮ್ಮ ಬೀದಿಗಳಿಗೆ ಯುಗಾದಿ, ದಸರಾ ಎರಡೂ ಸೇರಿದ ಹಬ್ಬ. ಮನೆ ಮನೆಯಲ್ಲೂ ಬಾಬಾಸಾಹೇಬರ ಫೋಟೋ, ಎಷ್ಟೋ ಮನೆಯಲ್ಲಿ ಪಕ್ಕದಲ್ಲಿ ಬುದ್ಧ. ನಮ್ಮ ಮನೆಯಲ್ಲಿ ಹಾಲ್ ಅಪ್ಪನದು, ಅಡುಗೆಮನೆ ಅವ್ವನದು. ಹಾಲ್‌ನಲ್ಲಿ ಬಾಬಾಸಾಹೇಬರು, ಬುದ್ಧ. ಅಡುಗೆಮನೆಯ ಗೂಡಿನಲ್ಲಿ ಚಾಮುಂಡಿ, ಮಾದಪ್ಪ. ಆಷಾಢದ ಶುಕ್ರವಾರ ಅವ್ವ ಬೆಳಗಿನ ಜಾವ ಎದ್ದು ಬೆಟ್ಟ ಹತ್ತುತ್ತಾಳೆ. ಅಪ್ಪ ಅವಳನ್ನು ಸ್ಕೂಟರ್‌ನಲ್ಲಿ ಪಾದದ ತನಕ ಬಿಟ್ಟು ಬರ್ತಾರೆ. ಆಮೇಲೆ ಮನೆಗೆ ಬಂದು ಪೇಪರ್ ಓದ್ತಾರೆ. ಮೂವತ್ತೈದು ವರ್ಷದಿಂದ ಇದೇ ಒಪ್ಪಂದ.

ಮೇಲುಕೋಟೆಯ ವಿಷಯಕ್ಕೆ ಮಾತ್ರ ಆ ಒಪ್ಪಂದ ನಡೆಯುತ್ತಿರಲಿಲ್ಲ. ‘ನೀವು ಹೋಗ್ಬನ್ನಿ, ನಾ ಬರಲ್ಲ’ ಅಂತಿದ್ರು ಅಪ್ಪ. ಅವ್ವ ‘ನೀವ್ ಬರ್ದೆ ನಾ ಹೋಗಲ್ಲ’ ಅಂತಿದ್ಲು. ಹಾಗಾಗಿ ಮನೆಯಿಂದ ಐವತ್ತು ಕಿಲೋಮೀಟರ್ ದೂರದ ಊರಿಗೆ ನಮ್ಮ ಮನೆಯವರು ಯಾರೂ ಹೋಗಿರಲಿಲ್ಲ. ತಾತ ಒಬ್ಬರನ್ನು ಬಿಟ್ಟು.

ತಾತನ ಕಥೆ ಇದು. ಮೇಲುಕೋಟೆಯಲ್ಲಿ ರಾಮಾನುಜರ ಕಾಲದಿಂದ ಬಂದಿದ್ದು ಅಂತ ಹೇಳುವ ಒಂದು ಪದ್ಧತಿ ಇತ್ತು. ದೆಹಲಿಯ ಸುಲ್ತಾನನ ಹತ್ತಿರ ಇದ್ದ ಚೆಲುವನಾರಾಯಣನ ಉತ್ಸವಮೂರ್ತಿಯನ್ನು ರಾಮಾನುಜರು ವಾಪಸ್ ತರುವಾಗ ದಾರಿಯಲ್ಲಿ ಕಾಪಾಡಿದ್ದು ಊರಾಚೆ ಕೇರಿಗಳ ನಮ್ಮ ಜನ. ಅದಕ್ಕೆ ಅವರು ನಮ್ಮವರನ್ನು ‘ತಿರುಕುಲದವರು’ ಅಂತ ಕರೆದರು, ಅಂದರೆ ಶ್ರೀಕುಲದವರು. ವರ್ಷಕ್ಕೊಂದು ಸಲ, ತೇರಿನ ಹೊತ್ತಲ್ಲಿ, ಮೂರು ದಿನ ದೇವಸ್ಥಾನದ ಒಳಗೆ ಬಿಡಬೇಕು ಅಂತ ಕಟ್ಟಳೆ ಮಾಡಿದರು. ಒಳಗೆ ಅಂದರೆ ಧ್ವಜಸ್ತಂಭದ ತನಕ. ಹಳೆಯ ಮೈಸೂರು ಗೆಜೆಟಿಯರ್‌ಗಳಲ್ಲೂ ಈ ಹಕ್ಕಿನ ಪ್ರಸ್ತಾಪ ಇದೆ. 1940ರ ಸುಮಾರಿಗೆ, ಎಂಟು ವರ್ಷದ ತಾತ ತಮ್ಮ ಅಪ್ಪನ ಜೊತೆ ಆ ಮೂರು ದಿನದಲ್ಲಿ ಒಂದು ದಿನ ಹೋಗಿದ್ದರಂತೆ. ಫ್ರೆಂಚ್ ರಾಕ್ಸ್ ತನಕ ರೈಲು (ಪಾಂಡವಪುರಕ್ಕೆ ಆಗ ಆ ಹೆಸರು), ಅಲ್ಲಿಂದ ನಡಿಗೆ. ಕಂಬದ ಬುಡಕ್ಕೆ ಕಾಯಿ ಇಟ್ಟು ಕೈಮುಗಿದು ಬಂದರು. ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಕಾನೂನು ಬಂದಿದ್ದು 1948ರಲ್ಲಿ. ಅದಾದ ಮೇಲೆ ತಾತ ಮತ್ತೆ ಹೋಗಲೇ ಇಲ್ಲ. ಯಾಕೆ ಅಂತ ಕೇಳಿದರೆ, ‘ನೋಡಾಯ್ತಲ್ಲ’ ಅನ್ನೋರು.

ಇದರ ಬಗ್ಗೆ ನಮ್ಮ ಮನೆಯಲ್ಲಿ ಜಗಳ ಆಡೋದು ಅಂದ್ರೆ ಬೇರೆಯವರ ಮನೆಯಲ್ಲಿ ಐಪಿಎಲ್ ನೋಡಿದ ಹಾಗೆ. ಸೀಸನ್ ಬಂದಾಗ ಶುರುವಾಗುತ್ತೆ. ಅಪ್ಪನ ಮಾತು: ‘ರಾಮಾನುಜರು ದೊಡ್ಡೋರೇ, ಇಲ್ಲಾ ಅನ್ನಲ್ಲ. ಮೂರ್ ದಿನ ಕೊಟ್ರು. ಮಿಕ್ಕಿದ್ ಮುನ್ನೂರ ಅರವತ್ತೆರಡು ದಿನ ಯಾರ್ ಇಟ್ಕೊಂಡ್ರು?’ ಅವ್ವನ ಮಾತು: ‘ಬೇರೆ ಕಡೆ ಆ ಮೂರು ದಿನನಾದ್ರೂ ಯಾರ್ ಕೊಟ್ರು? ಎಂಟ್ನೂರ್ ವರ್ಷದ ಹಿಂದೆ?’ ನನಗೆ ಇಬ್ಬರದೂ ಸರಿ ಅನ್ನಿಸುತ್ತೆ. ನನ್ನ ಕೆಲಸದ ಭಾಷೆಯಲ್ಲಿ ಹೇಳಬೇಕೆಂದರೆ ಅದು ಟೆಂಪರರಿ ಆಕ್ಸೆಸ್. ಅದನ್ನು ಮೊದಲು ಕೊಟ್ಟವರು ಪರ್ಮನೆಂಟ್ ಮಾಡಬೇಕು ಅಂದುಕೊಂಡಿದ್ದರೋ ಏನೋ, ಆಮೇಲೆ ಬಂದವರು ಎಂಟು ಶತಮಾನ ಯಾರೂ ಆ ಟಿಕೆಟ್ ತೆರೆಯಲಿಲ್ಲ.

ಹೋದ ವರ್ಷ ನಾನು ಕಾರ್ ತಗೊಂಡೆ. ಸೆಕೆಂಡ್ ಹ್ಯಾಂಡೇ, ಇಎಂಐ ಇನ್ನೂ ನಡೀತಿದೆ. ಆಷಾಢದ ಒಂದು ಶನಿವಾರ ಇಬ್ಬರನ್ನೂ ಕೂರಿಸಿ ಹೊರಟೆ. ಅಪ್ಪನನ್ನು ಒಪ್ಪಿಸಿದ್ದು ಹೀಗೆ: ‘ದೇವಸ್ಥಾನಕ್ಕೆ ಬರಬೇಡ. ಊರು ನೋಡೋಕೆ ಬಾ. ನಾನು ಓರ್ವಿಯೆಟೊದಲ್ಲಿ ಚರ್ಚಿಗೆ ಹೋಗಿದ್ದು ಕ್ರಿಶ್ಚಿಯನ್ ಆಗೋಕಲ್ಲ ತಾನೇ?’ ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಸ್ವೆಟರ್ ಹುಡುಕೋಕೆ ಎದ್ದರು.

ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ರಸ್ತೆ ಹಿಡಿದರೆ ಎರಡೂ ಕಡೆ ಕಬ್ಬು, ಭತ್ತ, ನಡುವೆ ಆಲೆಮನೆಯ ಹೊಗೆ. ದಾರಿಯಲ್ಲಿ ತೊಣ್ಣೂರು ಕೆರೆಗೆ ಒಂದು ಗಳಿಗೆ ತಿರುಗಿಕೊಂಡೆವು. ಹೊಯ್ಸಳರ ವಿಷ್ಣುವರ್ಧನನ ಕಾಲದಲ್ಲಿ ರಾಮಾನುಜರು ಮೊದಲು ಬಂದಿದ್ದು ಈ ತೊಣ್ಣೂರಿಗೆ. ಆಮೇಲೆ ಮೇಲುಕೋಟೆಯಲ್ಲಿ ಹನ್ನೆರಡು ವರ್ಷ ಇದ್ದರು ಅಂತ ಹೇಳ್ತಾರೆ. ನಾಲ್ಕು ಕಡೆ ಬಂಡೆಗುಡ್ಡ, ಮಧ್ಯೆ ತಿಳಿನೀರು. ಬೆಂಗಳೂರಿನ ಹುಡುಗರು ಈಜೋಕೆ ಬರೋ ಜಾಗ. ಅಪ್ಪ ಕೆರೆ ಏರಿಯ ಕಲ್ಲುಗಳನ್ನು ನೋಡುತ್ತಾ ನಿಂತರು. ವರ್ಕ್‌ಶಾಪಿನವರಿಗೆ ಯಾವುದು ಎಷ್ಟು ಭಾರ ತಡೆಯುತ್ತೆ ಅನ್ನೋದೇ ಚಿಂತೆ.

ಜಕ್ಕನಹಳ್ಳಿ ಕಳೆದ ಮೇಲೆ ರಸ್ತೆ ಏರೋಕೆ ಶುರುವಾಗುತ್ತೆ. ಮೋಡ ಇಳಿದಿತ್ತು. ಬೆಟ್ಟದ ತುದಿಯ ಯೋಗನರಸಿಂಹನ ಗುಡಿ ಒಂದು ಸಲ ಕಾಣಿಸಿ ಇನ್ನೊಂದು ತಿರುವಿಗೆ ಮಾಯ. ಅವ್ವ ಪ್ರತಿ ಸಲವೂ ಕೈಮುಗಿದಳು. ಗುಡಿ ಕಾಣದಿದ್ದಾಗಲೂ ಮುಗಿದಳು.

ರೂಮಿನ ವಿಷಯ ಹೇಳಬೇಕು. ಫೋನಲ್ಲೇ ಬುಕ್ ಮಾಡಿದ್ದೆ, ಹೆಂಚಿನ ಹಳೇ ಮನೆಯ ಮೇಲೆ ಎರಡು ರೂಮು ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಮನೆಯಾಕೆ ವಯಸ್ಸಾದವರು. ‘ಬನ್ನಿ ಬನ್ನಿ, ಮಳೇಲಿ ನೆಂದ್ರಾ?’ ಅಂತ ಕರೆದರು. ಆಧಾರ್ ಕಾರ್ಡ್ ನೋಡೋ ಮುಂಚೆಯೇ ಆ ಮಾಮೂಲಿ ಪ್ರಶ್ನೆ ಬಂತು.

‘ಯಾವೂರು?’

‘ಮೈಸೂರು.’

‘ಮೈಸೂರಲ್ಲಿ ಎಲ್ಲಿ?’

ಈ ಎರಡನೇ ಪ್ರಶ್ನೆಗೆ ನಮ್ಮ ಬೀದಿಯಲ್ಲಿ ಎರಡು ಥರದ ಉತ್ತರ ಇದೆ. ಅವ್ವನ ಉತ್ತರ ‘ಜಯನಗರದ ಹತ್ರ’. ಅದು ಸುಳ್ಳಲ್ಲ, ಹತ್ತಿರವೇ ಇದೆ. ನನ್ನ ಜೊತೆ ಓದಿದ ಎಷ್ಟೋ ಜನ ಬೆಂಗಳೂರಿನ ಪಿಜಿಗಳಲ್ಲಿ, ಬಾಡಿಗೆ ಮನೆ ಹುಡುಕೋವಾಗ ಇದೇ ಉತ್ತರ ಕೊಡ್ತಾರೆ. ಕೇಳಿದವರು ಕೆಟ್ಟವರು ಅಂತಲ್ಲ. ಉತ್ತರ ಕೇಳಿದ ಮೇಲೆ ಅವರ ಮುಖದಲ್ಲಿ ಅರ್ಧ ಸೆಕೆಂಡ್ ಏನೋ ಒಂದು ಲೆಕ್ಕ ನಡೆಯುತ್ತಲ್ಲ, ಅದನ್ನು ನೋಡೋದು ಬೇಡ ಅಂತ. ಅವ್ವ ಬಾಯಿ ತೆರೆಯೋಷ್ಟರಲ್ಲಿ ಅಪ್ಪ ಹೇಳಿಬಿಟ್ಟರು, ಯಾವಾಗಲೂ ಹೇಳೋ ಹಾಗೆ ಸ್ವಲ್ಪ ಜೋರಾಗಿ: ‘ಅಶೋಕಪುರಂ.’

ಆ ಅರ್ಧ ಸೆಕೆಂಡ್ ಬಂತಾ, ಇಲ್ವಾ? ನಾನು ಅಪ್ಪನ ಕಡೆ ನೋಡ್ತಿದ್ದೆ. ಮನೆಯಾಕೆ ‘ಓ, ರೈಲ್ವೆ ವರ್ಕ್‌ಶಾಪ್ ಹತ್ರ’ ಅಂದು ಕೀ ಕೊಟ್ಟರು. ಹತ್ತು ನಿಮಿಷಕ್ಕೆ ಬಿಸಿ ಕಾಫಿ ಬಂತು. ಪೇಪರ್ ಕಪ್‌ನಲ್ಲಿ.

ಅವ್ವ ಆ ಕಪ್ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಕಾಫಿ ನಿಜಕ್ಕೂ ಚೆನ್ನಾಗಿತ್ತು. ಮಾರನೇ ದಿನ ಬೆಳಗ್ಗೆ ಪಕ್ಕದ ರೂಮಿನ ಬೆಂಗಳೂರಿನ ಗಂಡ ಹೆಂಡತಿಗೂ ಕಾಫಿ ಹೋಯಿತು. ಅವ್ವ ಬಟ್ಟೆ ಒಣಗಿಸುವ ನೆಪದಲ್ಲಿ ವರಾಂಡಕ್ಕೆ ಹೋಗಿ ನೋಡಿಕೊಂಡು ಬಂದು, ‘ಅವ್ರಿಗೂ ಪೇಪರ್ ಕಪ್ಪೇ’ ಅಂದಳು. ಮುಖ ಅರಳಿತ್ತು. ಆ ಮನೆಯಾಕೆಗೆ ಇದ್ಯಾವುದೂ ಗೊತ್ತಿರಲಿಕ್ಕಿಲ್ಲ. ಲೋಟ ತೊಳೆಯೋಕೆ ಜನ ಸಿಗಲ್ಲ, ಅಷ್ಟೇ ಇರಬಹುದು. ಆದರೆ ಒಂದು ಕಪ್ಪಿಗೋಸ್ಕರ ಅವ್ವ ಒಂದು ಇಡೀ ರಾತ್ರಿ ಕಾಯಬೇಕಾಯಿತು. ಓರ್ವಿಯೆಟೊದಲ್ಲಿ ನಾನು ಕುಡಿದ ಎಸ್‌ಪ್ರೆಸ್ಸೊ ಯಾವ ಕಪ್‌ನಲ್ಲಿತ್ತು ಅಂತ ನನಗೆ ನೆನಪೇ ಇಲ್ಲ.

ಶನಿವಾರ ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕಿತ್ತು, ಹಾಗಾಗಿ ಕಲ್ಯಾಣಿಗೆ ಹೋದೆವು. (ನೀವು ಹೋಗೋದಾದರೆ ಇದನ್ನು ಗಮನದಲ್ಲಿಟ್ಟುಕೊಳ್ಳಿ: ಮಧ್ಯಾಹ್ನ ತಲುಪಿದರೆ ಸಂಜೆ ತನಕ ಕಾಯಬೇಕು.) ಸಿನಿಮಾಗಳಲ್ಲಿ ನೀವೆಲ್ಲ ನೋಡಿರೋ ಜಾಗವೇ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಸುತ್ತ ಕಂಬಗಳ ಮಂಟಪ, ಹಿಂದೆ ಬೆಟ್ಟ, ಬೆಟ್ಟದ ಮೇಲೆ ನರಸಿಂಹ. ನೀರಲ್ಲಿ ಗುಡಿ ತಲೆಕೆಳಗಾಗಿ ನಿಂತಿತ್ತು. ಸಣ್ಣ ಮಳೆ ಬಂದಾಗೆಲ್ಲ ಅಳಿಸಿ ಮತ್ತೆ ಮೂಡುತ್ತಿತ್ತು.

ಅಪ್ಪ ನಿಧಾನವಾಗಿ ಕೊನೆಯ ಮೆಟ್ಟಿಲ ತನಕ ಇಳಿದರು. ಪಾಚಿ ಇದೆ ಹುಷಾರು ಅಂತ ನಾನು ಹಿಂದೆ ಹಿಂದೆ. ಅವರು ಕೂತು ಎರಡೂ ಕೈಯನ್ನು ನೀರಲ್ಲಿ ಅದ್ದಿ ಮುಖ ತೊಳೆದುಕೊಂಡರು, ಆಮೇಲೆ ಕೈ ಅಲ್ಲೇ ಬಿಟ್ಟುಕೊಂಡು ಕೂತರು. ‘1927, ಮಾರ್ಚ್ 20’ ಅಂದರು. ನನಗೆ ಮುಂದಿನದು ಬಾಯಿಪಾಠ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಬಾಬಾಸಾಹೇಬರು ಸಾವಿರಾರು ಜನರನ್ನು ಕರೆದುಕೊಂಡು ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದ ದಿನ. ಬೇರೆ ಮಕ್ಕಳಿಗೆ ಮಲಗೋವಾಗ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದರೆ ನಮಗೆ ಅಪ್ಪ ಹೇಳುತ್ತಿದ್ದುದು ಇದನ್ನೇ. ಆದರೂ ಆವತ್ತು ಆ ಮೆಟ್ಟಿಲ ಮೇಲೆ ಕೂತು ಕೇಳಿದ್ದು ಬೇರೆ. ಓರ್ವಿಯೆಟೊದ ಬಾವಿ ತೋಡೋಕೆ ಶುರು ಮಾಡಿದ್ದು 1527ರಲ್ಲಿ ಅಂತ ನನಗೆ ಆಗ ಹೊಳೆಯಿತು. ಸರಿಯಾಗಿ ನಾನೂರು ವರ್ಷ. ಅಲ್ಲಿ ಹೇಸರಗತ್ತೆಗಳಿಗೆ ತೊಂದರೆ ಆಗಬಾರದು ಅಂತ ಎರಡು ದಾರಿ ಮಾಡಿದ್ದರು. ಇಲ್ಲಿ ನಾನೂರು ವರ್ಷದ ನಂತರವೂ ಒಂದು ದಾರಿಗೆ ಮನುಷ್ಯರು ಮೆರವಣಿಗೆ ಹೋಗಬೇಕಿತ್ತು. ಹಾಗಂತ ಅಪ್ಪನಿಗೆ ಹೇಳಿದೆ. ‘ಅದುಕ್ಕೇ ನಾನು ಆವತ್ತು ಕೇಳಿದ್ದು’ ಅಂದರು.

ಅಕ್ಕ ತಂಗಿ ಕೊಳಕ್ಕೂ ಹೋದೆವು. ಒಂದಕ್ಕೊಂದು ಅಂಟಿಕೊಂಡ ಎರಡು ಕೊಳ, ಅಕ್ಕ ಒಂದು ಕಟ್ಟಿಸಿದಳು, ತಂಗಿ ಒಂದು ಕಟ್ಟಿಸಿದಳು. ಒಂದರ ನೀರು ಕುಡಿಯೋಕೆ, ಇನ್ನೊಂದರದು ಬಳಸೋಕೆ. ಯಾರದು ಸಿಹಿ, ಯಾರದು ಸಪ್ಪೆ ಅಂತ ಕೇಳಿದಾಗ ಅಲ್ಲಿದ್ದ ಇಬ್ಬರು ಎರಡು ಥರ ಹೇಳಿದರು. ಅವ್ವನಿಗೂ ಅವಳ ತಂಗಿಗೂ ಎರಡು ವರ್ಷದಿಂದ ಮಾತಿಲ್ಲ, ಒಂದು ಸೈಟಿನ ವಿಷಯಕ್ಕೆ. ಅವ್ವ ಕೊಳ ನೋಡಿ ‘ಮಧ್ಯ ಗೋಡೆ ಒಂದೇ ನೋಡು’ ಅಂದಳು. ಅಷ್ಟೇ ಹೇಳಿದ್ದು.

ರಾಯಗೋಪುರದ ಹತ್ತಿರ ಇಬ್ಬರು ಜೋಡಿಗಳ ಪ್ರೀವೆಡ್ಡಿಂಗ್ ಶೂಟ್ ನಡೀತಿತ್ತು. ಚಾವಣಿ ಇಲ್ಲದೆ ಆಕಾಶಕ್ಕೆ ನಿಂತ ಎತ್ತರದ ಕಂಬಗಳು. ಒಂದೇ ರಾತ್ರಿಯಲ್ಲಿ ಕಟ್ಟೋಕೆ ಹೋಗಿ ಬೆಳಗಾಯಿತು ಅಂತ ಅರ್ಧಕ್ಕೆ ಬಿಟ್ಟರು ಅನ್ನೋದು ಕಥೆ. ರಿಲೀಸ್ ಹಿಂದಿನ ರಾತ್ರಿ ಆಫೀಸಲ್ಲಿ ಕೂತವರಿಗೆ ಈ ಕಥೆ ನಂಬೋಕೆ ಕಷ್ಟವಾಗಲ್ಲ.

ಸಂಜೆ ಅವ್ವ ಮತ್ತು ನಾನು ಚೆಲುವನಾರಾಯಣನ ದೇವಸ್ಥಾನಕ್ಕೆ ಹೊರಟೆವು. ಅಪ್ಪ ಎದುರಿನ ಜಗಲಿ ಮೇಲೆ ಕೂತರು. ನಾವು ಚಪ್ಪಲಿ ಬಿಡುವಾಗ ನನ್ನನ್ನು ಕರೆದು ಮೆಲ್ಲಗೆ ಹೇಳಿದರು, ‘ಧ್ವಜಸ್ತಂಭ ಎಲ್ಲಿದೆ ನೋಡ್ಕೊಂಡ್ ಬಾ ಮಗಾ. ಅಲ್ಲಿಂದ ದೇವ್ರು ಎಷ್ಟು ದೂರ ಅಂತ.’

ಒಳಗೆ ಕಂಬಗಳ ತಂಪು, ಎಣ್ಣೆ ತುಳಸಿಯ ವಾಸನೆ. ವೈರಮುಡಿಯ ದಿನ ಲಕ್ಷಾಂತರ ಜನ ಸೇರುವ ಜಾಗದಲ್ಲಿ ಆಷಾಢದ ಮಳೆಗೆ ನೂರು ಜನವೂ ಇರಲಿಲ್ಲ. ವೈರಮುಡಿ ಅಂದರೆ ದೇವರ ವಜ್ರದ ಕಿರೀಟ, ಅದು ಇರೋದು ದೇವಸ್ಥಾನದಲ್ಲಲ್ಲ, ಮಂಡ್ಯದ ಸರ್ಕಾರಿ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಬೆಟ್ಟಕ್ಕೆ ಬರುತ್ತೆ, ರಾತ್ರಿ ದೇವರ ತಲೆ ಮೇಲೆ ಕೂತು ವಾಪಸ್ ಹೋಗುತ್ತೆ. ಅವ್ವನಿಗೆ ಕಿರೀಟಕ್ಕಿಂತ ಹೆಚ್ಚು ಇಷ್ಟವಾಗಿದ್ದು ಬೀಬಿ ನಾಚಿಯಾರ್ ಕಥೆ. ಉತ್ಸವಮೂರ್ತಿಯನ್ನು ಬಿಟ್ಟಿರಲಾರದೆ ದೆಹಲಿಯಿಂದ ಹಿಂದೆಯೇ ಬಂದ ಸುಲ್ತಾನನ ಮಗಳು. ಅವಳಿಗೆ ದೇವರ ಪಾದದ ಬಳಿ ಜಾಗ ಸಿಕ್ಕಿತು. ‘ಅವ್ಳಿಗೆ ಅಷ್ಟ್ ಹತ್ರ ಜಾಗ’ ಅಂದಳು ಅವ್ವ. ಹೊಟ್ಟೆಕಿಚ್ಚೋ ಸಮಾಧಾನವೋ ಗೊತ್ತಾಗಲಿಲ್ಲ. ಆಮೇಲೆ ಕಣ್ಣು ಮುಚ್ಚಿ ನಿಂತಳು. ಅವಳು ಏನು ಕೇಳಿಕೊಂಡಳೋ, ನಾನು ಕೇಳಲಿಲ್ಲ. ನನ್ನ ಮದುವೆ ವಿಷಯ ಅದರಲ್ಲಿ ಖಂಡಿತ ಇತ್ತು.

ಬರುವಾಗ ಧ್ವಜಸ್ತಂಭದ ಬುಡದಿಂದ ಮತ್ತೆ ಒಳಕ್ಕೆ ತಿರುಗಿ ಹೆಜ್ಜೆ ಎಣಿಸಿದೆ. ಒಬ್ಬರು ಅರ್ಚಕರು ವಿಚಿತ್ರವಾಗಿ ನೋಡಿದರು, ಏನಾದರೂ ಬಿದ್ದು ಹೋಯಿತಾ ಅಂದರು. ಇಲ್ಲ ಅಂದೆ. ಹೊರಗೆ ಬಂದು ಅಪ್ಪನಿಗೆ ಹೇಳಿದೆ, ‘ನೂರು ಹೆಜ್ಜೆ ಕೂಡ ಇಲ್ಲ.’

ಅಪ್ಪ ಏನೂ ಹೇಳಲಿಲ್ಲ. ಪಕ್ಕದಲ್ಲಿ ಹೂವು ಮಾರುತ್ತಿದ್ದ ಮುದುಕನ ಜೊತೆ ಅಷ್ಟರಲ್ಲಿ ಸ್ನೇಹ ಆಗಿತ್ತು. ಇಬ್ಬರೂ ಪೆನ್ಷನ್ ಬಗ್ಗೆ ಮಾತಾಡ್ತಿದ್ದರು.

ರಾತ್ರಿ ಕರೆಂಟ್ ಹೋಯಿತು. ಹೊರಗೆ ಮಳೆ. ಮೇಲುಕೋಟೆ ಸುತ್ತಲಿನ ಕಾಡು ತೋಳಗಳ ರಕ್ಷಣೆಗೆ ಅಂತ 1974ರಲ್ಲಿ ಮಾಡಿದ ವನ್ಯಧಾಮ ಅಂತ ಓದಿದ್ದೆ. ಅದನ್ನು ಹೇಳಿದ್ದೇ ತಡ, ಅವ್ವ ಎದ್ದು ಕಿಟಕಿಯ ಚಿಲಕ ಮತ್ತೊಮ್ಮೆ ನೋಡಿದಳು. ಆ ಕತ್ತಲಲ್ಲಿ ಅಪ್ಪ ತಾತನ ಬಗ್ಗೆ ನನಗೆ ಗೊತ್ತಿಲ್ಲದ ಒಂದು ಮಾತು ಹೇಳಿದರು. ತಾತ ಆವತ್ತು ಧ್ವಜಸ್ತಂಭದ ಹತ್ತಿರ ನಿಂತಾಗ, ಎಂಟು ವರ್ಷದ ಹುಡುಗ, ಒಳಗೆ ದೀಪ ಕಾಣಿಸುತ್ತೆ ಅಂತ ಕತ್ತು ಚಾಚಿದರಂತೆ. ಅವರ ಅಪ್ಪ ಭುಜ ಹಿಡಿದು ಹಿಂದಕ್ಕೆ ಎಳೆದರಂತೆ. ಬೈಯಲಿಲ್ಲ, ಹೊಡೆಯಲಿಲ್ಲ, ಬರೀ ಹಿಂದಕ್ಕೆ ಎಳೆದರು. ‘ಸಾಯೋ ತನಕ ಆ ಭುಜ ತೋರಿಸೋರು ನಮ್ಮಪ್ಪ, ಇಲ್ಲಿ ಹಿಡ್ಕೊಂಡಿದ್ರು ಅಂತ’ ಅಂದರು. ಅವ್ವ ಇದನ್ನು ಮೊದಲ ಸಲ ಕೇಳಿದ್ದು ಅಂತ ಅವಳು ಸುಮ್ಮನಾದ ರೀತಿಯಲ್ಲೇ ಗೊತ್ತಾಯಿತು. ಸಾಮಾನ್ಯವಾಗಿ ಸುಮ್ಮನಾಗುವವಳಲ್ಲ.

ಭಾನುವಾರ ಬೆಳಗ್ಗೆ ಯೋಗನರಸಿಂಹನ ಬೆಟ್ಟ. ಅದಕ್ಕೆ ಅಪ್ಪ ತಾವಾಗೇ ಸ್ವೆಟರ್ ಹಾಕಿಕೊಂಡು ತಯಾರಾದರು, ‘ಬೆಟ್ಟ ಹತ್ತೋದ್ರಲ್ಲಿ ಏನಿದೆ, ವ್ಯಾಯಾಮ’ ಅಂತ. ಮೆಟ್ಟಿಲು ಎಷ್ಟು ಅಂತ ಅವ್ವ ಒಂದು ಲೆಕ್ಕ ಹೇಳಿದಳು, ಅಪ್ಪ ಇನ್ನೊಂದು. ಇಬ್ಬರೂ ಬಿಟ್ಟುಕೊಡಲಿಲ್ಲ. ಕೋತಿಗಳು ನನ್ನ ಕೈಯಿಂದ ಬಾಳೆಹಣ್ಣಿನ ಕವರ್ ಕಿತ್ತುಕೊಂಡವು. ಮೇಲೆ ಗಾಳಿ ಎಷ್ಟು ಜೋರಿತ್ತು ಅಂದರೆ ಅವ್ವನ ಸೆರಗು ನಿಲ್ಲಲಿಲ್ಲ. ಗುಡಿಯ ಹೊರಗಿನ ಬಂಡೆ ಮೇಲೆ ನಿಂತರೆ ಕೆಳಗೆ ಇಡೀ ಊರು: ಕಲ್ಯಾಣಿ, ಹೆಂಚಿನ ಮನೆಗಳು, ಹಸಿರು, ದೂರದಲ್ಲಿ ಕೆರೆಗಳು. ಓರ್ವಿಯೆಟೊದ ಕೋಟೆ ಅಂಚಿನಲ್ಲಿ ನಿಂತಾಗಲೂ ಹೀಗೇ ಕೆಳಗೆ ದ್ರಾಕ್ಷಿ ತೋಟ ಕಾಣುತ್ತಿತ್ತು. ಬೆಟ್ಟದ ಮೇಲೆ ಊರು ಕಟ್ಟಿದವರೆಲ್ಲ ಕೆಳಗಿನಿಂದ ಯಾರು ಬರ್ತಿದಾರೆ ಅಂತ ನೋಡೋಕೇ ಕಟ್ಟಿದ್ದು ಅನ್ನಿಸುತ್ತೆ.

ಇಳಿದ ಮೇಲೆ ಪು.ತಿ.ನ. ಅವರ ಮನೆ ನೋಡಿದೆವು. ಈ ಊರಲ್ಲಿ 1905ರಲ್ಲಿ ಹುಟ್ಟಿದ ಕವಿ, ಸ್ಕೂಲಿನಲ್ಲಿ ಅವರ ಪದ್ಯ ಓದಿದ್ದು ನೆನಪಿತ್ತು. ಕೈಮಗ್ಗದ ಖಾದಿಗೂ ಮೇಲುಕೋಟೆಗೆ ಹೆಸರಿದೆ. ಅಪ್ಪನಿಗೆ ಒಂದು ಜುಬ್ಬದ ಬಟ್ಟೆ ತೆಗೆಯೋಣ ಅಂದೆ. ‘ಗಾಂಧಿ ಬಟ್ಟೆ ನಂಗ್ಯಾಕೆ? ನಮ್ಮೋರು ಕೋಟ್ ಹಾಕ್ಕೊಳೋಕೆ ಎಷ್ಟು ಕಷ್ಟಪಟ್ಟವ್ರೆ’ ಅಂದರು. ನಗು ಬಂತು, ಆದರೆ ಅವರು ತಮಾಷೆ ಮಾಡ್ತಿರಲಿಲ್ಲ.

ಹೊರಡೋಕೆ ಮುಂಚೆ ಅವ್ವ ಇನ್ನೊಂದು ಸಲ ದೇವಸ್ಥಾನಕ್ಕೆ ಹೋಗಿ ಬರ್ತೀನಿ ಅಂದಳು. ನಾನು ಕಾರ್ ಹತ್ತಿರ ನಿಂತೆ. ಅಪ್ಪ ಜಗಲಿಯಲ್ಲಿ ಕೂತವರು ಎದ್ದು ಷೂ ಬಿಚ್ಚಿದರು. ಹೂವಿನ ಮುದುಕನಿಗೆ ಷೂ ನೋಡಿಕೊಳ್ಳೋಕೆ ಹೇಳಿದರು. ಹೂವು ಕೊಡೋಕೆ ಬಂದದ್ದನ್ನು ಬೇಡ ಅಂದರು. ನಾನು ಕಾರ್ ಲಾಕ್ ಮಾಡಿ ಓಡಿದೆ.

ಅವರು ನಿಧಾನವಾಗಿ ನಡೆದರು, ಎರಡೂ ಕಡೆ ಕಂಬಗಳನ್ನು ನೋಡುತ್ತಾ, ತಪಾಸಣೆಗೆ ಬಂದವರ ಹಾಗೆ. ಧ್ವಜಸ್ತಂಭದ ಹತ್ತಿರ ನಿಂತರು. ಕೈಮುಗಿಯಲಿಲ್ಲ. ಕಂಬದ ಬುಡದ ಕಲ್ಲಿನ ಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಂತರು. ಆಮೇಲೆ ಅದನ್ನು ದಾಟಿ ಒಳಗೆ ನಡೆದರು. ದೀಪ ಸರಿಯಾಗಿ ಕಾಣುವ ಕಡೆ ನಿಂತು ಕತ್ತು ಸ್ವಲ್ಪ ಮುಂದೆ ಚಾಚಿ ನೋಡಿದರು. ಮುಂದೆ ನಿಂತಿದ್ದ ಅವ್ವ ಹಿಂತಿರುಗಿ ಅವರನ್ನು ಕಂಡಳು. ಕಂಡೂ ಕಾಣದ ಹಾಗೆ ಮತ್ತೆ ದೇವರ ಕಡೆ ತಿರುಗಿಕೊಂಡಳು. ತೀರ್ಥ ಬಂತು. ಅಪ್ಪ ಕೈ ಚಾಚಲಿಲ್ಲ, ಅರ್ಚಕರು ಒತ್ತಾಯ ಮಾಡಲಿಲ್ಲ, ಪಕ್ಕದವರಿಗೆ ಕೊಟ್ಟು ಮುಂದೆ ಹೋದರು. ಅಪ್ಪ ವಾಪಸ್ ಬರುವಾಗ ನನ್ನನ್ನು ನೋಡಿ, ‘ಎಪ್ಪತ್ತಾರು’ ಅಂದರು.

‘ಏನು?’

‘ಹೆಜ್ಜೆ. ನೀನು ನೂರ್ ಇಲ್ಲ ಅಂದ್ಯಲ್ಲ. ನನ್ ಹೆಜ್ಜೆಗೆ ಎಪ್ಪತ್ತಾರು, ನಾನ್ ನಿಂತ ಕಡೆಗೆ.’

ಹೊರಗೆ ಬಂದು ಷೂ ಹಾಕಿಕೊಂಡರು. ಬಲಗಾಲಿನ ಲೇಸ್ ಕಟ್ಟೋಕೆ ಬಗ್ಗಿದವರು ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿದ್ದರು. ಮುದುಕ ‘ದರ್ಶನ ಆಯ್ತಾ ಸ್ವಾಮಿ?’ ಅಂದಾಗ ‘ನೋಡಾಯ್ತು’ ಅಂದರು.

ಮೇಲುಕೋಟೆಗೆ ಹೋಗಿ ಪುಳಿಯೋಗರೆ ತಿನ್ನದೆ ಬರೋ ಹಾಗಿಲ್ಲ. ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ಕಾರಲ್ಲೇ ಬಿಚ್ಚಿದೆವು. ಅವ್ವ ಒಂದು ತುತ್ತು ಬಾಯಿಗಿಟ್ಟು, ಹುಳಿ ಸರಿಯಾಗಿದೆ, ಬೆಲ್ಲ ಒಂಚೂರು ಜಾಸ್ತಿ, ಎಳ್ಳು ಹುರಿದಿದ್ದು ಸಾಲದು ಅಂತ ತೀರ್ಪು ಕೊಟ್ಟಳು. ಎರಡನೇ ಪೊಟ್ಟಣ ಮುಗಿಸಿದ್ದೂ ಅವಳೇ. ಗೊಜ್ಜಿನ ಬಾಟಲಿ ಒಂದು ತಗೊಂಡಳು, ತಂಗಿಗೆ ಇನ್ನೊಂದು. ಮಾತಿಲ್ಲವಲ್ಲ ಅಂದೆ. ‘ಗೊಜ್ಜು ಕೊಡೋಕೆ ಮಾತ್ಯಾಕೆ, ಮಗನ ಕೈಲಿ ಕಳಿಸ್ತೀನಿ’ ಅಂದಳು.

ಜಕ್ಕನಹಳ್ಳಿ ಹತ್ತಿರ ಮಳೆ ಜೋರಾಯಿತು. ವೈಪರ್ ಸದ್ದಿನಲ್ಲಿ ಇಬ್ಬರೂ ನಿದ್ದೆ ಹೋದರು ಅಂದುಕೊಂಡೆ. ಪಾಂಡವಪುರದ ರೈಲ್ವೆ ಗೇಟ್ ಹಾಕಿತ್ತು. ಗಾಡಿ ಆಫ್ ಮಾಡಿದಾಗ ಹಿಂದಿನ 
ಸೀಟಿನಿಂದ ಅಪ್ಪನ ಧ್ವನಿ ಬಂತು.

‘ಇಲ್ಲಿಂದ ನಡ್ಕೊಂಡ್ ಹೋಗಿದ್ದು ಅವ್ರು. ಎಂಟ್ ವರ್ಷದ ಹುಡ್ಗ.’

‘ಎಷ್ಟು ದೂರ ಆಗುತ್ತೆ?’ ಅಂದಳು ಅವ್ವ.

ನಾನು ಫೋನಲ್ಲಿ ನೋಡಿ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ರೈಲು ಬಂತು. ಮೂವರೂ ಕೂತು ಡಬ್ಬಿ ಎಣಿಸಿದೆವು, ನಮ್ಮ ಮನೆಯಲ್ಲಿ ಎಲ್ಲರಿಗೂ ಇರೋ ಅಭ್ಯಾಸ ಅದು.